ಮೊದಲ ಗಾಡಿ

ಜಗಳ ಬಿಡಿಸುವುದರಲ್ಲಿ ಸುದರ್ಶನನ, ಅಂದರೆ ನನ್ನ, ಕೈ ಪಳಗಿದ್ದು ಎಂದು ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳುತ್ತೇನೆ. ನನ್ನ ಹೋಟೆಲಿನ ಹಿಂದೆ ನಾಲ್ಕಡಿ ಅಗಲದ ಗಲ್ಲಿಯೊಂದಿದೆ. ಗ್ಯಾಸ್ ಸಿಲಿಂಡರು ಬರಬೇಕಾದರೆ ಅದೊಂದೇ ದಾರಿ. ಅದು ತನ್ನದೆಂದು ಪಕ್ಕದ ಮಿಠಾಯಿ ಅಂಗಡಿಯ ಮುರಾರಿ ಹನ್ನೊಂದು ವರ್ಷ ನನ್ನ ತಲೆ ತಿಂದ. ಹೋದ ವರ್ಷ ಸೊಸೈಟಿ ಆಫೀಸಿನಲ್ಲಿ ಕೂತು ಒಪ್ಪಂದ ಮಾಡಿಕೊಂಡೆವು: ಗಲ್ಲಿ ಇಬ್ಬರದೂ, ಮೊದಲು ಒಂದು ಸಿಲಿಂಡರಿನ ಗಾಡಿ ಹೋಗಲಿ, ನೋಡೋಣ.

ನಾನು ಭೀಮುವನ್ನು ಕಳಿಸಿದೆ. ವಿಜಯಪುರ ಕಡೆಯವನು, ನಮ್ಮಲ್ಲಿ ಸಿಲಿಂಡರು ಹೊರುವವನು. ಒಪ್ಪಂದದ ಸುದ್ದಿ ಮುರಾರಿಯ ಅಡುಗೆಯವನಿಗೆ ಮುಟ್ಟಿರಲಿಲ್ಲ. ಗಾಡಿ ಕಂಡದ್ದೇ ಅವನು ಕುದಿಯುವ ಸಕ್ಕರೆ ಪಾಕ ಎರಚಿಬಿಟ್ಟ. ಭೀಮುವಿನ ಎಡಗೈ ಮೊಣಕೈವರೆಗೂ ಬೆಂದುಹೋಯಿತು. "ಯಾರಾದ್ರೂ ಒಬ್ಬ ಮೊದಲು ಹೋಗ್ಲೇಬೇಕಲ್ಲ ಮಾರಾಯ" ಎಂದು ಸಮಾಧಾನ ಹೇಳಿದೆ. ಮರುದಿನದಿಂದ ಗಾಡಿಗಳು ಸಲೀಸಾಗಿ ಓಡಾಡಿದವು.

ಈ ಸಲದ ಜಗಳ ದೊಡ್ಡವರದು. ಕೊಲ್ಲಿಯ ಜಲಸಂಧಿ ಯಾರ ಕೈಯಲ್ಲಿರಬೇಕೆಂದು ದೇಶದೇಶಗಳು ಕಿತ್ತಾಡಿ, ಗ್ಯಾಸಿನ ಹಡಗುಗಳೆಲ್ಲ ಒಳಗೇ ಸಿಕ್ಕಿಬಿದ್ದವು. ನನ್ನ ದೋಸೆಕಲ್ಲು ತಣ್ಣಗಾಗಿ ಹದಿನೇಳು ದಿನ. ಕರೆಂಟಿನ ಒಲೆಯ ಮೇಲೆ ಇಡ್ಲಿ, ಶೀರಾ, ಚಹಾ ಮಾತ್ರ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಸಿಕ್ಕಿಬಿದ್ದ ಹಡಗುಗಳಲ್ಲಿ ಒಂದರಲ್ಲಿ ನನ್ನ ಮಗ ಅನೀಶ ಕೆಲಸಕ್ಕಿದ್ದ. ಆ ಹಸಿರು ಹಡಗಿನ ಫೋಟೋ ಗಲ್ಲಾದ ಮೇಲೆ, ದೇವರ ಪಟಗಳ ಪಕ್ಕದಲ್ಲೇ ತೂಗುತ್ತಿದೆ. ಹಡಗನ್ನು ಅಲ್ಲೇ ಬಿಟ್ಟು ಹುಡುಗರನ್ನು ವಿಮಾನದಲ್ಲಿ ಕರೆಸಿಕೊಳ್ಳುತ್ತೇವೆ ಎಂದು ಕಂಪನಿಯವರು ಹೇಳಿದ್ದರು.

ಇವತ್ತು ಬೆಳಿಗ್ಗೆ ಅವನ ಫೋನು ಬಂತು. ಠಾಣೆಯಲ್ಲೇ ಹುಟ್ಟಿ ಬೆಳೆದವನು, ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೇ ಉತ್ತರ ಕೊಡುವ ಜಾತಿ. ಇವತ್ತು ಮಾತ್ರ ಕನ್ನಡ ಆಡಿದ.

"ಪಪ್ಪಾ, ಹೊರಡ್ತಾ ಇದ್ದೇವೆ. ಹೊರಡ್ಲಾ?"

ಎಲ್ಲಿಗೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹೊರಟವರನ್ನು ಎಲ್ಲಿಗೆಂದು ಕೇಳಬಾರದು, ಅಪಶಕುನ. ಅಮ್ಮ ಕಲಿಸಿದ್ದು, ನಾನೂ ಮನೆಯಲ್ಲಿ ಎಲ್ಲರಿಗೂ ಕಲಿಸಿದ್ದು. ಬೇರೆಲ್ಲಿಗೆ, ಮನೆಗೇ ತಾನೆ?

"ಹೊರಡು ಮಗಾ, ಒಳ್ಳೇದಾಗ್ಲಿ" ಎಂದೆ. ಅವನು "ಠೀಕ್ ಹೈ ಪಪ್ಪಾ" ಎಂದು ಫೋನಿಟ್ಟ.

ಹನ್ನೊಂದು ಗಂಟೆಗೆ ಟಿವಿಯಲ್ಲಿ ಸುದ್ದಿ: ರಾಜಿ ಆಯಿತು! ಪರೀಕ್ಷೆಗೆಂದು ಮೊದಲು ಒಂದೇ ಒಂದು ಗ್ಯಾಸ್ ಹಡಗು ಜಲಸಂಧಿ ದಾಟುತ್ತಿದೆ, ಅದು ಸುರಕ್ಷಿತವಾಗಿ ದಾಟಿದರೆ ಉಳಿದವು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ನಾನು ಎಲ್ಲರ ತಟ್ಟೆಗೂ ಶೀರಾ ಹಾಕಿಸಿದೆ. "ಪಾಪ, ಆ ಮೊದಲನೇ ಹಡಗಿನವರು" ಎಂದರು ಒಬ್ಬರು. "ಯಾರಾದ್ರೂ ಒಬ್ಬ ಹೋಗ್ಲೇಬೇಕಲ್ಲ ಸ್ವಾಮಿ" ಎಂದು ನಾನು ನಕ್ಕೆ.

ಭೀಮು ಟಿವಿ ನೋಡುತ್ತಿದ್ದ. ಆಮೇಲೆ ನನ್ನ ತಲೆಯ ಮೇಲಿನ ಫೋಟೋ ನೋಡಿದ. ಮತ್ತೆ ಟಿವಿ ನೋಡಿದ.

"ಸಾವಕಾರ್ರ, ಇದು ನಮ್ಮ ಅನೀಶಪ್ಪನ ಹಡಗ ಅಲ್ರಿ?"

ಹಸಿರು ಹಡಗು. ಅದೇ ಹೆಸರು. ಫೋನು ಮಾಡಿದೆ, ಹತ್ತಲಿಲ್ಲ. ಮತ್ತೆ ಮಾಡಿದೆ.

ಅಷ್ಟರಲ್ಲಿ ಮೇಲಿನ ಮನೆಯಿಂದ ನನ್ನ ಹೆಂಡತಿ ವಾರಿಜಾ ಬರಿಗಾಲಲ್ಲೇ ಇಳಿದು ಬಂದಳು. ಕೈಯಲ್ಲಿ ಮೊಬೈಲು. ಮಗ ಬೆಳಿಗ್ಗೆಯೇ ಬರೆದದ್ದನ್ನು ಅವಳು ಈಗಷ್ಟೇ ನೋಡಿದ್ದಳು. ನನ್ನ ಮುಖಕ್ಕೇ ಹಿಡಿದಳು: 'ಮೊದಲು ನಮ್ಮ ಹಡಗೇ ಹೋಗೋದು, ಇಷ್ಟವಿಲ್ಲದವರು ಇಳಿಯಬಹುದು ಅಂತ ಕ್ಯಾಪ್ಟನ್ ಹೇಳಿದ್ರು. ನಂಗೆ ಭಯ ಆಗಿತ್ತು ಅಮ್ಮ. ಪಪ್ಪನ್ನ ಕೇಳಿದೆ. ಹೊರಡು ಅಂದ್ರು. ಸೈನ್ ಮಾಡಿದೆ.'

"ನೀವು ಹೊರಡು ಅಂದ್ರಾ? ಎಲ್ಲಿಗೆ ಅಂತ ಕೇಳ್ಲಿಲ್ವಾ?"

ಟಿವಿಯಲ್ಲಿ ಹಡಗು ಇನ್ನೂ ಅರ್ಧ ದಾರಿಯಲ್ಲಿತ್ತು. ಆ ದಡದಲ್ಲಿ ಗುರಿಯಿಟ್ಟು ಕೂತವರಿಗೆಲ್ಲ ಒಪ್ಪಂದದ ಸುದ್ದಿ ಮುಟ್ಟಿದೆಯೇ? ಒಬ್ಬನಿಗೆ ಮುಟ್ಟದಿದ್ದರೆ ಸಾಕಲ್ಲ.

ಭೀಮು ಕುರ್ಚಿ ಎಳೆದು ನನ್ನನ್ನು ಕೂರಿಸಿದ. ಅವನ ಎಡಗೈಯ ಸುಟ್ಟ ಚರ್ಮ ನನ್ನ ಮೊಣಕೈಗೆ ತಾಗಿತು.

"ಭೀಮು, ಅವತ್ತು ಗಲ್ಲಿಯಲ್ಲಿ ಹೋಗ್ಲಿಕ್ಕೆ ನಿನಗೆ ಹೆದರಿಕೆ ಆಗಿತ್ತಾ?"

"ಆಗಿತ್ರಿ."

"ಮತ್ತೆ ಹೇಳ್ಲಿಲ್ಲ ಯಾಕೆ?"

ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ನೀವ್ ಕೇಳಲಿಲ್ಲಲ್ರಿ."