ಒಂದು ಕಿವಿ ಮನೆಗೆ

ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಪುಡಿ ಇನ್ನೂ ಉಳಿದಿದೆ, ಮೌಸಿನ ಮೇಲೂ ಬಿಳಿ ಗೆರೆ, ಬೆಳಿಗ್ಗೆ ಕಟ್ಟಿದ ಹಲ್ಲಿನ ಸೆಟ್ಟಿನದು — ಭಾನುವಾರವೂ ಕೆಲಸವೇ, ಇರಲಿ, ಮುಗಿಸಿಯೇ ಕೂತಿದ್ದೇನೆ, ಹಲ್ಲು ಕಟ್ಟುವವಳ ಕೈ ನಡುಗಬಾರದು, ಆನ್‌ಲೈನ್ ಆಟದಲ್ಲಿ ಡ್ರ್ಯಾಗನ್ ಎದುರು ನಿಂತವರ ಗಾಯ ಮಾಯಿಸುವವಳ ಕೈಯೂ ಅಷ್ಟೇ, ನನ್ನದು ನಡುಗುವುದಿಲ್ಲ. ವಾರಕ್ಕೊಮ್ಮೆ, ಸಂಜೆ ನಾಲ್ಕರಿಂದ ಆರು, ನಾವು ಎಂಟು ಜನ, ಒಬ್ಬರ ಮುಖ ಒಬ್ಬರು ಕಂಡವರಲ್ಲ, ಆದರೂ ಒಬ್ಬರು ಕೈಕೊಟ್ಟರೆ ಉಳಿದ ಏಳೂ ಜನರ ಭಾನುವಾರ ನೀರಲ್ಲಿ ಹೋಮ, ಮೂರು ತಿಂಗಳಿಂದ ಇದೇ ಡ್ರ್ಯಾಗನ್, ಇವತ್ತು ಬೀಳಿಸಿಯೇ ಸೈ. ಪಕ್ಕದ ಕೋಣೆಯಲ್ಲಿ ಅಪ್ಪ, ಲಕ್ವ ಹೊಡೆದು ಹತ್ತು ವಾರ, ಎಡಗಾಲು ಹೇಳಿದ ಮಾತು ಕೇಳುತ್ತಿಲ್ಲ, ಬೆಳಿಗ್ಗೆ ಸಂಜೆ ವ್ಯಾಯಾಮ ಮಾಡಿಸುವವಳು ನಾನು, ಈ ಎರಡು ಗಂಟೆ ಮಾತ್ರ ಗಂಡನ ಪಾಳಿ, ಅದಕ್ಕೇ ಹೆಡ್‌ಫೋನು ಬಲಗಿವಿಗಷ್ಟೇ, ಎಡಗಿವಿ ಮನೆಗೆ. ತಂಗಿ ಫೋನಿನಲ್ಲಿ ನಕ್ಕಿದ್ದಳು, ಅಲ್ವೇ ಅಕ್ಕ, ನಲವತ್ತೆರಡಕ್ಕೆ ಇದೆಂಥಾ ಹುಡುಗಾಟ, ಎರಡು ದೋಣಿ ಮೇಲೆ ಕಾಲಿಡ್ಬೇಡ — ಇಡ್ತೀನಿ ಕಣೇ, ಎರಡನ್ನೂ ದಡ ಸೇರಿಸ್ತೀನಿ, ನೋಡ್ತಿರು, ಅಂದಿದ್ದೆ, ಸೇರಿಸುತ್ತಲೂ ಇದ್ದೇನೆ, ಅಪ್ಪನ ಒಂದು ಮಾತ್ರೆ ತಪ್ಪಿಲ್ಲ, ನನ್ನ ಒಂದು ಭಾನುವಾರವೂ ತಪ್ಪಿಲ್ಲ.

ಬಲಗಿವಿಯಲ್ಲಿ ಡ್ರೈವರಣ್ಣನ ಗಂಟಲು, ಉಳಿದ ದಿನ ಸಿಟಿ ಬಸ್ಸು ಓಡಿಸುತ್ತಾರೆ, ಇಲ್ಲಿ ನಮ್ಮ ಗುಂಪಿನ ಗುರಾಣಿ, ಎಲ್ಲ ಏಟೂ ಅವರ ಮೈಗೆ, ಗಾಯ ಮಾಯಿಸುವ ನಾನು ಅವರಿಗೆ ಡಾಕ್ಟ್ರಮ್ಮ — ಡಾಕ್ಟ್ರಮ್ಮ, ಡ್ರ್ಯಾಗನ್ ಜೀವ ಇನ್ನು ಮೂರೇ ಪರ್ಸೆಂಟು, ನನ್ ಪ್ರಾಣ ನಿಮ್ ಕೈಲಿದೆ, ಕಣ್ಣು ಮಿಟುಕಿಸ್ಬೇಡಿ — ಮಿಟುಕಿಸಲ್ಲ ಬಿಡಿ, ಮೂರು ಅಲ್ಲ ಎರಡೂವರೆ, ಬೆಂಕಿ ಉಗುಳುತ್ತಿದೆ, ಅಣ್ಣನ ಜೀವ ಅರ್ಧಕ್ಕಿಳಿಯಿತು, ಕೀ ಒತ್ತಿ ತುಂಬಿದೆ, ಮತ್ತೆ ಇಳಿಯಿತು, ತುಂಬಿದೆ, ಎಡಗಿವಿಯಲ್ಲಿ ಕುರ್ಚಿ ಕಿರ್‍ ಎಂದಿತು, ಮಾವ, ತಡೀರಿ, ವಾಕರ್ ತರ್ತೀನಿ, ಮಾವ ಕೂತ್ಕೊಳ್ಳಿ, ಇದು ಗಂಡ, ಆಮೇಲೆ ನೆಲಕ್ಕೆ ಏನೋ ಉಜ್ಜುವ ಸದ್ದು, ಮತ್ತೊಂದು, ಎರಡು ಪರ್ಸೆಂಟು, ಮತ್ತೊಂದು, ಹತ್ತಿರ ಬರುತ್ತಿದೆ, ತಿರುಗಿದೆ — ಬಾಗಿಲ ಚೌಕಟ್ಟಿಗೆ ಬಲಗೈ ಊರಿ ಅಪ್ಪ ನಿಂತಿದ್ದಾರೆ, ವಾಕರ್ ಇಲ್ಲ, ಯಾರೂ ಹಿಡಿದಿಲ್ಲ, ಹೀಲ್ ಡಾಕ್ಟ್ರಮ್ಮ, ಹೀಲ್, ಜೀವ ತುಂಬಿ, ಎಂದು ಡ್ರೈವರಣ್ಣ ಕೂಗುತ್ತಿದ್ದಾರೆ. ಇನ್ನು ನಾಲ್ಕು ಸಲ ಕೀ ಒತ್ತಿದರೆ ಸಾಕು, ಹತ್ತು ಸೆಕೆಂಡು, ಆ ಹತ್ತು ಸೆಕೆಂಡು ಅಪ್ಪನ ಮಂಡಿ ತಡೆಯುವುದಿಲ್ಲ, ನನಗೆ ಗೊತ್ತು, ಆ ಮಂಡಿಯನ್ನು ದಿನಾ ಎರಡು ಹೊತ್ತು ಬಗ್ಗಿಸುವವಳು ನಾನು. ಡ್ರೈವರಣ್ಣ, ನಮ್ಮಪ್ಪ ನಡೀತಿದ್ದಾರೆ, ನಾನೆದ್ದೆ. ಹೋಗಿ ತಾಯಿ ಹೋಗಿ, ಅಂದರು ಅಣ್ಣ, ಡ್ರ್ಯಾಗನ್ ಎಲ್ಲೂ ಓಡ್ಹೋಗಲ್ಲ, ನಾನ್ ಸಾಯ್ತೀನಿ, ಆಮೇಲೆ ಎದ್ದೇಳ್ತೀನಿ ಬಿಡಿ.

ಹೆಡ್‌ಫೋನು ನೆಲಕ್ಕೆ ಬಿತ್ತು, ಬೀಳಲಿ, ಎರಡೇ ಹೆಜ್ಜೆಗೆ ಬಾಗಿಲು, ಕೈ ಚಾಚಿದೆ, ಬ್... ಬೇಡ, ಅಂದರು ಅಪ್ಪ, ಸರಿ, ಮುಟ್ಟುವುದಿಲ್ಲ, ಗೇಣಳತೆಯಲ್ಲಿ ನಿಲ್ಲುತ್ತೇನೆ, ಬಿದ್ದರೆ ಹಿಡಿಯುತ್ತೇನೆ, ಗಂಡನೂ ವಾಕರ್ ಹಿಡಿದು ಹಿಂದೆ ನಿಂತಿದ್ದಾನೆ, ಬಾಯಿ ತೆರೆದೇ ಇದೆ, ಆ ಕಾಲು ನೆಲದಿಂದ ಎದ್ದಿತು, ಕೂದಲೆಳೆಯಷ್ಟು, ಮುಂದಿನ ಭಾನುವಾರ ಎಂಟೂ ಜನಕ್ಕೆ ಬಿಡುವು ಇದೆಯೋ ಕೇಳಬೇಕು — ಆ ಕಾಲು, ಹೊಸ್ತಿಲಿಗೆ ತಾಗಿ ನಿಂತಿತು — ತಂಗಿಗೆ ಹೇಳಬೇಕು, ದೋಣಿ — ಆ ಕಾಲು, ಎಡಗಾಲು, ದಾಟಿತು, ಹೊಸ್ತಿಲ ಈಚೆ, ಐದೂ ಬೆರಳು ಬೆಳ್ಳಗಾಗಿ ನೆಲ ಕಚ್ಚಿವೆ, ಐದೂ ಬೆರಳು