ಮೊಸರಿನ ಗಡಿಗೆಗೆ ಬಿಗಿದ ಬೆಲ್ಟು

ಹೊಸ ಕಾರಿನಲ್ಲಿ ಮೈಗೆ ಬಿಗಿದುಕೊಳ್ಳುವ ಬೆಲ್ಟು ಇರಲೇಬೇಕೆಂಬ ಕಾನೂನು ಕೇಳಿ ಹುಲ್ಲಪ್ಪನ ಮೈ ಉರಿದಿತ್ತು. "ಕಟ್ಟಿ ಹಾಕಾಕ ನಾ ಏನ ಹೋರಿ ಏನ್ಲೇ?" ಎಂದು ಗ್ಯಾರೇಜಿನ ಮಿಸ್ತ್ರಿಯ ಮೇಲೆ ಹರಿಹಾಯ್ದು, ತನ್ನ ಹೊಸ ಟ್ಯಾಕ್ಸಿಯ ಬೆಲ್ಟುಗಳನ್ನು ಬಿಚ್ಚಿಸಿಬಿಟ್ಟ. ಆದರೆ ಪಟ್ಟಿ ಗಟ್ಟಿಯಿತ್ತು. ಬಿಸಾಡಲು ಮನಸ್ಸಾಗದೆ ಟಾಪಿನ ಮೇಲೆ ಸಾಮಾನು ಕಟ್ಟಲು ಇಟ್ಟುಕೊಂಡ.

ಒಂದು ಬೆಳಿಗ್ಗೆ ಚೊಳಚಗುಡ್ಡದ ಮುದುಕಿ ರಂಗವ್ವ ಮೊಸರು ಮಾರಲು ಅವನ ಟ್ಯಾಕ್ಸಿಯಲ್ಲಿ ಬಾದಾಮಿಗೆ ಹೊರಟಳು. ಅವಳ ಗಡಿಗೆಗಳ ಬುಟ್ಟಿಯನ್ನು ಹುಲ್ಲಪ್ಪ ಅದೇ ಬೆಲ್ಟಿನಿಂದ ಟಾಪಿಗೆ ಬಿಗಿದ. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ತಪ್ಪಿಸಲು ಹೋಗಿ ಕಾರು ಬೇವಿನ ಮರಕ್ಕೆ ಗುದ್ದಿತು. ಅವನ ಹಣೆ ಬಡಿದು ಮುಂದಿನ ಗಾಜು ಪುಡಿಪುಡಿಯಾಯಿತು.

ರಕ್ತ ಒರೆಸಿಕೊಳ್ಳುತ್ತ ಇಳಿದವನು ಮೇಲೆ ನೋಡಿ ಹಾಗೇ ನಿಂತ. ಬುಟ್ಟಿ ಇದ್ದಲ್ಲೇ ಇತ್ತು. ಮಣ್ಣಿನ ಗಡಿಗೆ, ಒಂದಕ್ಕೂ ಬಿರುಕಿಲ್ಲ! ಗುಡಿಯಲ್ಲಿ ದೇವರ ಪಾದ ಮುಟ್ಟುವವನಂತೆ ಆ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದ.

"ಎಂಥಾ ಹಿಡಿತ ಹಿಡದೈತಿ, ಯವ್ವಾ!"

ಹಿಂದಿನ ಸೀಟಿನಿಂದ ಮೊಣಕಾಲು ತಿಕ್ಕುತ್ತ ಇಳಿದ ರಂಗವ್ವ, ಗಡಿಗೆ ಮುಚ್ಚಿದ್ದ ಬಟ್ಟೆಯನ್ನೇ ಅವನ ಹಣೆಗೆ ಸುತ್ತಿ ಕಟ್ಟಿದಳು.

"ಕಟ್ಟಿದ್ದನ್ನ ಹಿಡೀತೈತಪ್ಪಾ. ಮಣ್ಣಿನ ಗಡಿಗಿ ಅಷ್ಟ ಜ್ವಾಕಿಲೆ ಕಟ್ಟಿದಿ. ನಿನ್ನ ತಲಿ ಅದಕ್ಕಿಂತ ಅಗ್ಗ ಏನೋ?"