ಕೇಳುವ ಮೊದಲೇ ಕೊಟ್ಟ ನೀರು

ಯುಗಾದಿ ಕಳೆದು ಶಾವಿಗೆಯ ಕಾಲ ಬಂದಿತ್ತು. ಬಿಸಿಲು ಏರುವ ಮೊದಲೇ ಶಿಕಾರಿಪುರದ ತಾರಸಿಗಳ ಮೇಲೆ ಹೆಂಗಸರ ಮಾತು, ಹಿಟ್ಟು ನಾದುವ ಸದ್ದು. ಶಕುಂತಲಮ್ಮ ಕೋಲಿನ ಮೇಲೆ ಎಳೆ ಎಳೆಯಾಗಿ ಶಾವಿಗೆ ಇಳಿಬಿಡುತ್ತ, ನಡುನಡುವೆ ಕೆಳಗಿನ ಹಿತ್ತಲ ಕಡೆ ಬಗ್ಗಿ ನೋಡುತ್ತಿದ್ದಳು. ಅಲ್ಲಿ ಚಾವಣಿಯ ತೊಲೆಗೆ ಒಂದು ಮಣ್ಣಿನ ಕುಂಡ ತೂಗುತ್ತಿತ್ತು. ಕುಂಡದಲ್ಲಿ ಸೀತಾಳೆ ಗಿಡ. ಅದು ಅವಳದಲ್ಲ, ಪಕ್ಕದ ಮನೆಯ ಹಮೀದಾಳದು.

ಹಮೀದಾಳ ತವರು ಜಡೆ ಎಂಬ ಹಳ್ಳಿ. ಅಣ್ಣತಮ್ಮಂದಿರು ಪಾಲಾದಾಗ ಹಿತ್ತಲ ಹಲಸಿನ ಮರವನ್ನು ಕಡಿದರು. ಉರುಳಿದ ಮರದ ತೊಗಟೆಗೆ ಅಂಟಿಕೊಂಡಿದ್ದ ಸೀತಾಳೆಯನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ್ದಳು. ಬಡಗಿ ಕೆಲಸದ ಗಂಡ ಬಡೇಸಾಬ್ ಮಡಕೆಯೊಂದಕ್ಕೆ ಸುತ್ತಲೂ ತೂತು ಕೊರೆದು, ಇದ್ದಿಲು, ಹೆಂಚಿನ ಚೂರು ತುಂಬಿ ಗಿಡವನ್ನು ಕೂರಿಸಿದ್ದ. ಒಂದು ಹಿಡಿ ಮಣ್ಣೂ ಇಲ್ಲ; ಮರದ ಮೇಲೆ ಬದುಕುವ ಗಿಡಕ್ಕೆ ಅದು ಬೇಡ. ಮಳೆಗಾಲದ ಬಾಗಿಲಲ್ಲಿ ಅದು ಬಿಳಿ, ನಸುನೇರಳೆ ಹೂಗಳ ಒಂದು ಉದ್ದನೆಯ ದಂಡೆ ಬಿಡುತ್ತಿತ್ತು. ತವರಿನಿಂದ ಅವಳಿಗೆ ಉಳಿದದ್ದು ಅಷ್ಟೇ.

ಈಗ ಅವಳು ಸೊರಬದಲ್ಲಿದ್ದಳು. ಮಗಳು ಫರ್ಹಾನಾ ಬಸ್ಸಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ತಾಯಿಯೇ ಅಳಿಯನ ಮನೆಗೆ ಹೋಗಬೇಕಾಯಿತು. ಬಡೇಸಾಬ್ ಕೆಲಸದ ಮೇಲೆ ಪರಊರಿನಲ್ಲಿದ್ದ; ಹೊರಡುವ ದಿನ ಕುಂಡವನ್ನು ತಂದು ಶಕುಂತಲಮ್ಮನ ಕೈಗೆ ಕೊಟ್ಟಿದ್ದಳು. ಎಲೆಯ ಸಂದಿಯಲ್ಲಿ ಹೂಗೊನೆಯ ಮೂತಿ ಆಗಲೇ ಕಾಣುತ್ತಿತ್ತು.

"ಹೆತ್ತ ನಲವತ್ತನೇ ದಿನದ ಸ್ನಾನಕ್ಕೆ ಫರ್ಹಾನಾ ಮುಡೀಬೇಕು ಇದನ್ನ. ನಮ್ಮಮ್ಮ ನನಗೆ ಮುಡಿಸಿದ್ಳು, ಆ ಹಲಸಿನ ಮರದ್ದೇ. ಅಕ್ಕಾ, ಬೇರು ನೋಡ್ತಾ ಇರ್ರಿ. ಬೂದಿ ಬಣ್ಣಕ್ಕೆ ಬಂತು ಅಂದ್ರೆ ನೀರು ಕೇಳ್ತದೆ ಅಂತ. ಈ ಬಿಸಿಲಿಗೆ ದಿನಾ ಬೆಳಿಗ್ಗೆ ಒಂದ್ಸಲ ಕೇಳಬಹುದು. ಕೊಟ್ಟಿದ್ದು ಸಂಜೆಗೆ ಆರಬೇಕು. ಹಸುರಾಗಿದ್ರೆ ಮುಟ್ಟಬೇಡ್ರಿ. ಒದ್ದೆ ಮೈಯಲ್ಲಿ ಮಲಗಿಸಬಾರದು, ಎಳೆಮಗು ಇದ್ದಂಗೆ."

ಶಕುಂತಲಮ್ಮ ತಲೆಯಾಡಿಸಿದ್ದಳು. ಆದರೆ ಒಂದು ಮಾತು ಅವಳ ಮನಸ್ಸಿಗೆ ಒಗ್ಗಲಿಲ್ಲ. ಕೇಳುವ ತನಕ ಕಾಯುವುದೇ?

ಹಿಂದಿನ ಬೇಸಿಗೆಯಲ್ಲಿ ಬೀದಿಯ ನಲ್ಲಿ ಬತ್ತಿತ್ತು. ಹಮೀದಾಳ ಹಿತ್ತಲ ಬಾವಿಯಲ್ಲಿ ಮಾತ್ರ ತಳಕ್ಕಷ್ಟು ನೀರು. ಕೇಳಲು ಸಂಕೋಚಪಟ್ಟು ಶಕುಂತಲಮ್ಮ ಸುಮ್ಮನಿದ್ದಳು. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಹೊರಗೆ ಎರಡು ಕೊಡ, ತುಂಬಿದ್ದು. ಮರುದಿನವೂ. ಮಳೆ ಬರುವ ತನಕವೂ. ಆ ನೀರಿನ ಋಣ ತೀರಿಸಲು ಅವಳಿಗೆ ದಾರಿಯೇ ಸಿಕ್ಕಿರಲಿಲ್ಲ. ಈಗ ಹಮೀದಾಳ ಗಿಡ ತನ್ನ ಮನೆಗೆ ಬಂದಿದೆ. ಅದೂ ನೀರು ಕೇಳುವ ಹಾಗಾಗಬಾರದು.

ಬೇಸಿಗೆಯಲ್ಲಿ ಈಶ್ವರನ ಗುಡಿಯಲ್ಲಿ ಲಿಂಗದ ಮೇಲೆ ಧಾರಾಪಾತ್ರೆ ಕಟ್ಟುತ್ತಾರೆ. ತಳದ ಸಣ್ಣ ತೂತಿನಿಂದ ಹಗಲೂ ರಾತ್ರಿ ಹನಿ ಬೀಳುತ್ತ ದೇವರ ತಲೆ ತಂಪಾಗಿರುತ್ತದೆ. ಶಕುಂತಲಮ್ಮ ಹಳೆಯ ತಾಮ್ರದ ಚೆಂಬಿನ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಬತ್ತಿ ತುರುಕಿ, ಕುಂಡದ ಮೇಲೆ ಅದೇ ರೀತಿ ತೂಗುಹಾಕಿದಳು.

"ಅಂಜನಾಪುರ ಡ್ಯಾಮಿನ ಚಾನೆಲ್ ನಿಂತು ಗದ್ದೆ ಬಿರುಕು ಬಿಟ್ಟೈತೆ," ಎಂದ ಗಂಡ ಚಂದ್ರಶೇಖರಪ್ಪ, ಟವೆಲು ಕೊಡವುತ್ತ. "ನಿನ್ನ ಚಾನೆಲ್ ಮಾತ್ರ ಹರೀತಾನೆ ಐತೆ."

"ನೀವು ಸುಮ್ನಿರ್ರಿ. ಮನೆಗೆ ಬಂದ ನೆಂಟರಿದ್ದಂಗೆ ಅದು."

"ನೆಂಟರಿಗೆ ಕುಡಿಯಾಕೆ ನೀರು ಕೊಡ್ತಾರೆ. ತೊಟ್ಟಿಯಾಗೆ ಕೂರಿಸ್ತಾರೇನು?"

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರುಗಳು ಹಸಿರಾಗಿ ಹೊಳೆಯುತ್ತಿದ್ದವು. ಒಮ್ಮೆಯಾದರೂ ಬೂದಿ ಬಣ್ಣಕ್ಕೆ ತಿರುಗಲಿಲ್ಲ, ಒಮ್ಮೆಯೂ ಕೇಳಲಿಲ್ಲ. ಅದೇ ಅವಳಿಗೆ ಹೆಮ್ಮೆ.

ಊಟವಾದ ಮೇಲೆ ಹಿತ್ತಲ ಬಾಗಿಲ ಬಳಿ ಚಾಪೆ ಹಾಸಿ ಮಲಗುತ್ತಿದ್ದಳು. ಹೊರಗೆ ಬಿಸಿಲು ಬೆಳ್ಳಗೆ ಕುದಿಯುತ್ತಿದ್ದರೆ ಒಳಗೆ ಆ ಹನಿಯ ಸದ್ದು. ಟಪ್. ತುಸು ಹೊತ್ತಿನ ನಂತರ ಮತ್ತೊಂದು. ರೆಪ್ಪೆ ಭಾರವಾದಂತೆ ಅವಳು ಎಂದೂ ಕಾಣದ ಜಡೆಯ ಹಲಸಿನ ಮರದ ಕೆಳಗೆ ನಿಂತಿರುತ್ತಿದ್ದಳು. ಮಳೆ ಆಕಾಶದಿಂದಲ್ಲ, ತೊಗಟೆಯಿಂದ ಸುರಿಯುತ್ತಿತ್ತು. ಬೇರುಗಳು ಬೆರಳಿನಂತೆ ಗಾಳಿಯಲ್ಲಿ ಇಳಿದು ಅವಳ ಕೆನ್ನೆ ಸವರುತ್ತಿದ್ದವು. ಲಂಗ ತೊಟ್ಟ ಪುಟ್ಟ ಹಮೀದಾ ಕೊಂಬೆಯ ಮೇಲೆ ಕೂತು ಕಾಲಾಡಿಸುತ್ತ ಏನೋ ಹೇಳುತ್ತಿದ್ದಳು. ನೀರಿನ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ. ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೆರೆ, ಮನಸ್ಸಿನ ತುಂಬ ತಂಪು.

ಒಂದು ಬೆಳಿಗ್ಗೆ ಧೂಳು ಒರೆಸಲೆಂದು ಎಲೆಯೊಂದನ್ನು ಎತ್ತಿದಳು. ಎಲೆ ಅವಳ ಕೈಗೇ ಬಂತು. ಎಳೆಯಲೂ ಇಲ್ಲ, ತಾನಾಗಿಯೇ. ಬುಡ ಕಂದುಬಣ್ಣವಾಗಿ ನೀರೊಡೆದಿತ್ತು. ಇನ್ನೊಂದನ್ನು ಮುಟ್ಟಿದಳು, ಅದೂ ಬಂತು. ಹೂಗೊನೆಯ ಮೂತಿ ಕಪ್ಪಾಗಿ ಜೋತು ಬಿದ್ದಿತ್ತು. ಅದರ ಮೇಲೆ ಮೇಲಿನಿಂದ ಇನ್ನೂ ಒಂದು ಹನಿ ಬಿತ್ತು. ಅವಳು ಚೆಂಬನ್ನು ಬಿಚ್ಚಿ ಕೆಳಗಿಟ್ಟಳು. ಮನೆಯೆಲ್ಲ ಒಮ್ಮೆಲೇ ಸದ್ದಡಗಿತು.

"ಯಾರಿಗಾದ್ರೂ ಹೇಳಿ ಬ್ಯಾರೆ ಗಿಡ ತರಿಸೋಣ ಬಿಡು," ಎಂದ ಚಂದ್ರಶೇಖರಪ್ಪ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಅವಳಿಗೇನು ಗೊತ್ತಾಗ್ತೈತೆ?"

"ನನಗೆ ಗೊತ್ತಾಗ್ತೈತಲ್ರೀ," ಎಂದು ಶಕುಂತಲಮ್ಮ ಸೀರೆ ಬದಲಿಸಲು ಒಳಗೆ ಹೋದಳು.

ಸೊರಬದ ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಇದಕ್ಕೂ ಅರ್ಧ ಟಿಕೆಟ್ ಕೊಡ್ಲೇನಮ್ಮಾ?" ಎಂದ ಕಂಡಕ್ಟರು. ಅವಳು ನಗಲಿಲ್ಲ. ಹೇಳಬೇಕಾದ ಮಾತನ್ನು ಜೋಡಿಸುತ್ತ ಹೋದಳು, ಬಸ್ಸಿನ ಕುಲುಕಾಟಕ್ಕೆ ಜೋಡಿಸಿದ್ದು ಚದುರಿತು. ಶಿರಾಳಕೊಪ್ಪ ದಾಟಿದ ಮೇಲೆ ಜೊಂಪು ಹತ್ತಿತು. ಜೊಂಪಿನಲ್ಲಿ ತೊಡೆಯ ಮೇಲಿನ ಗಿಡ ಹೂವಾಗಿ, ದಂಡೆ ಮೊಣಕಾಲು ದಾಟಿ, ಕಾಲಿನ ತನಕ ಇಳಿದಿತ್ತು. ಎಚ್ಚರವಾದಾಗ ಸೊರಬ.

ಹಮೀದಾ ಜಗಲಿಯ ಮೇಲೆ ಮಗುವಿನ ಬಟ್ಟೆ ಮಡಚುತ್ತಿದ್ದಳು. ಕುಂಡ ಕಂಡವಳೇ ತೆಗೆದುಕೊಂಡು ಒಂದು ಬೇರನ್ನು ಹಿಸುಕಿದಳು. ಸಿಪ್ಪೆ ಜಾರಿ ಬಂತು, ಒಳಗೆ ದಾರದಂಥ ನಾರು ಉಳಿಯಿತು.

"ಎಷ್ಟು ಸಲ ಹಾಕ್ತಿದ್ರಿ ಅಕ್ಕಾ?"

"ನಿಲ್ಲಿಸ್ಲೇ ಇಲ್ಲ ಹಮೀದಾ. ಧಾರೆ ಕಟ್ಟಿದ್ದೆ."

"ಬೂದಿ ಬಣ್ಣ ಬರೋ ತನಕ ಕಾಯ್ರಿ ಅಂದಿದ್ನಲ್ಲ."

"ಹೆಂಗೆ ಕಾಯ್ಲಿ? ಹೋದ ಬ್ಯಾಸಿಗೆ ನೀನು ನಮ್ಮನ್ನ ನೀರಿಗೆ ಕಾಯಿಸಿದ್ಯೇನು?"

ಹಮೀದಾ ಕುಂಡವನ್ನು ಜಗಲಿಯ ಮೇಲಿಟ್ಟಳು. ಆಮೇಲೆ ಅಳಿಯನ ಗಡ್ಡದ ಬ್ಲೇಡು ತಂದು ಕೊಳೆತದ್ದನ್ನೆಲ್ಲ ಕೊಯ್ದಳು, ಹೂಗೊನೆಯನ್ನೂ. ಗಾಯಕ್ಕೆ ಅರಿಶಿನ ಮೆತ್ತಿದಳು. ಗೇಣಿಗೂ ಸಾಲದ ಕಾಂಡ, ಎರಡು ಎಲೆ, ಗಟ್ಟಿಯಾದ ಒಂದೇ ಬೇರು ಉಳಿಯಿತು.

"ಸುಳ್ಳು ಹೇಳಲ್ಲ," ಎಂದಳು ಮೂಗು ಒರೆಸಿಕೊಂಡು. "ಹೊಟ್ಟೆ ಉರೀತದೆ ನನಗೆ."

"ಉರೀಲಿ. ಬೈದುಬಿಡು."

"ಬೈದ್ರೆ ಹೂವಾಗ್ತದಾ?"

ಒಳಗಿನಿಂದ ಫರ್ಹಾನಾ ಕೂಗಿದಳು. "ಅಮ್ಮೀ, ಯಾರದು?"

"ಶಕುಂತಲಕ್ಕ. ಮಗು ನೋಡಾಕೆ ಬಂದಾರೆ."

ಮಗುವನ್ನು ನೋಡಿ, ಚಹ ಕುಡಿದು ಹೊರಡುವಾಗ ಶಕುಂತಲಮ್ಮ ಅಂದಳು, "ನಲವತ್ತಕ್ಕೆ ಎಲ್ಲಿಂದಾದ್ರೂ ಒಂದು ದಂಡೆ ಹುಡುಕಿ ತರ್ತೀನಿ."

"ಎಲ್ಲಿಂದಾದ್ರೂ ಬೇಡ. ಅವಳಿಗೆ ಮಲ್ಲಿಗೆ ಮುಡಿಸ್ತೀನಿ." ಹಮೀದಾ ಕುಂಡವನ್ನು ತಿರುಗಿ ಅವಳ ಕೈಗಿತ್ತಳು. "ಇಲ್ಲಿಟ್ರೆ ಓಣಿ ಮಕ್ಕಳು ಕೀಳ್ತವೆ. ತಗೊಂಡ್ಹೋಗ್ರಿ. ಗಾಯ ಒಣಗೋ ತನಕ ಒಂದು ಹನೀನೂ ತಾಗಿಸಬೇಡ್ರಿ. ಹೂ ಬರೋದಕ್ಕೆ ಎಷ್ಟು ವರ್ಷ ಹಿಡೀತದೋ. ಅಲ್ಲಿ ತನಕ ನಿಮ್ಮ ಮೇಲೆ ಒಂದು ದಂಡೆ ಬಾಕಿ."

ಒಂದು ಋಣ ತೀರಿಸಲು ಹೋಗಿ ಇನ್ನೊಂದನ್ನು ಹೊತ್ತು ಶಕುಂತಲಮ್ಮ ಸಂಜೆಯ ಬಸ್ಸಿನಲ್ಲಿ ಕೂತಿದ್ದಳು. ದಾರಿಯಲ್ಲಿ ಗಾಳಿ ಎದ್ದಿತು. ಮೋಡ ಗುಡುಗಿ, ತೆರೆದ ಕಿಟಕಿಯಿಂದ ವರ್ಷದ ಮೊದಲ ಹನಿಗಳು ದಪ್ಪ ದಪ್ಪಗೆ ಒಳಗೆ ಬಿದ್ದವು. ಬಸ್ಸಿನ ಜನರೆಲ್ಲ ಕೈ ಹೊರಗೆ ಚಾಚಿದರು. ಅವಳೊಬ್ಬಳು ಕುಂಡದ ಮೇಲೆ ಬಾಗಿ, ಸೆರಗನ್ನು ಹೊದಿಸಿ, ಬೆನ್ನಿಗೆ ಮಳೆ ಬಡಿಸಿಕೊಳ್ಳುತ್ತ ಕೂತಳು.